ತಲೆ ಎಣಿಸಿದರೆ ನೀರು ಬಾರದು

ಹವಾಮಾನ ಬದಲಾವಣೆಯ ಚರ್ಚೆ ಎಲ್ಲಿ ಆರಂಭವಾದರೂ ನಮ್ಮಲ್ಲಿ ಅದು ಬಂದು ನಿಲ್ಲುವುದು ಜನಸಂಖ್ಯೆಯ ಬಳಿ. ಜನ ಹೆಚ್ಚಾದರು, ಭೂಮಿ ಹೆಚ್ಚಲಿಲ್ಲ, ಮಳೆಯೂ ಕೈಕೊಟ್ಟಿತು, ಇನ್ನೇನು ಮಾಡಲಾದೀತು ಎಂಬ ನಿಟ್ಟುಸಿರಿನೊಂದಿಗೆ ಮಾತು ಮುಗಿಯುತ್ತದೆ. 1798ರಲ್ಲಿ ಮಾಲ್ಥಸ್ ಮಂಡಿಸಿದ ವಾದದ ಛಾಯೆ ವಿದ್ಯಾವಂತರ ಮಾತಿನಲ್ಲಿ ಇಂದಿಗೂ ಉಳಿದಿದೆ. ಈ ವಾದವನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನೆರೆಯ ಕೋಲಾರ ಜಿಲ್ಲೆಯೇ ಸಾಕು.

2001ರಿಂದ 2011ರ ನಡುವೆ ಈ ಜಿಲ್ಲೆಯ ಜನಸಂಖ್ಯೆ 13.87 ಲಕ್ಷದಿಂದ 15.36 ಲಕ್ಷಕ್ಕೆ ಏರಿತು. ಈ ಏರಿಕೆ ಶೇ 11ನ್ನೂ ಮುಟ್ಟಲಿಲ್ಲ. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಹೆಚ್ಚಿತು. ಆದರೂ ಸಾವಿರ ಅಡಿ ಕೊರೆದರೂ ನೀರು ಕಾಣದ, ಕಂಡ ನೀರಿನಲ್ಲಿ ಫ್ಲೋರೈಡ್ ಬೆರೆತ ಸ್ಥಿತಿ ಒದಗಿದ್ದು ಕೋಲಾರಕ್ಕೆ.

ಒಂದು ಸರಳ ಲೆಕ್ಕ ನೋಡೋಣ. ಜಲಜೀವನ ಯೋಜನೆಯ ಮಾನದಂಡದಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದಿಟ್ಟುಕೊಂಡರೆ 2011ರ ಜನಸಂಖ್ಯೆಗೆ ವರ್ಷಕ್ಕೆ ಬೇಕಾಗುವುದು ಸುಮಾರು ಒಂದು ಟಿಎಂಸಿ ಅಡಿ ನೀರು. ಸುಮಾರು 4 ಸಾವಿರ ಚದರ ಕಿಲೋಮೀಟರ್ ವಿಸ್ತೀರ್ಣದ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ದೊರೆಯುವುದು ನೂರು ಟಿಎಂಸಿಗೆ ಸಮೀಪ. ಅದರ ಬಹುಪಾಲು ಆವಿಯಾಗುವುದು ನಿಜ. ಆದರೂ ಜನರ ಬಾಯಾರಿಕೆಯಿಂದಲೇ ಜಿಲ್ಲೆ ಬತ್ತಿತು ಎನ್ನಲು ಆಧಾರವಿಲ್ಲ.

ಹಾಗಾದರೆ ನೀರು ಹೋದದ್ದೆಲ್ಲಿಗೆ? ಶ್ರೀನಿವಾಸಪುರದ ಮಾವು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆಳೆ. ಕೋಲಾರದ ಮಾರುಕಟ್ಟೆಯಿಂದ ಹೊರಡುವ ಟೊಮೆಟೊ, ಮಾಲೂರಿನ ತರಕಾರಿ, ಎಲ್ಲೆಡೆಯ ಹಿಪ್ಪುನೇರಳೆ ನಿಂತಿರುವುದು ಕೊಳವೆ ಬಾವಿಯ ಮೇಲೆ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ರಾಗಿ ಹೊಲಗಳಿಗೆ ನೀಲಗಿರಿಯನ್ನು ತಂದಿತು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಬೆಂಗಳೂರಿನ ಕಟ್ಟಡಗಳಿಗಾಗಿ ಕೆರೆಯಂಗಳದ ಮಣ್ಣು ತೊಳೆದು ಫಿಲ್ಟರ್ ಮರಳು ತೆಗೆಯುವ ದಂಧೆಯೂ ಸೇರಿಕೊಂಡಿತು. ಟೊಮೆಟೊ ಲಾರಿಯಲ್ಲಿ ಕೋಲಾರದ ಅಂತರ್ಜಲವೂ ಪರಊರಿಗೆ ಸಾಗುತ್ತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಇದಕ್ಕೆ ರೈತನನ್ನು ದೂಷಿಸುವುದು ಅನ್ಯಾಯ. ಕಾವೇರಿ ಕಣಿವೆಯ ರೈತನಿಗೆ ಸರ್ಕಾರ ನಾಲೆ ಕೊಟ್ಟಿತು. ಕೋಲಾರದ ರೈತ ಸಾಲ ಮಾಡಿ ತಾನೇ ಬಾವಿ ಕೊರೆಸಿದ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಲ್ಲಿ ಉಚಿತ ವಿದ್ಯುತ್ ಘೋಷಣೆಯಾದ ಮೇಲೆ, ಒಮ್ಮೆ ಕೊರೆದ ಬಾವಿಯಿಂದ ಇನ್ನೊಂದು ಗಂಟೆ ನೀರೆತ್ತಲು ತಗಲುವ ವೆಚ್ಚ ಶೂನ್ಯ. ಬೆಲೆಯಿಲ್ಲದ ವಸ್ತುವನ್ನು ಮಿತವಾಗಿ ಬಳಸೆಂದು ಉಪದೇಶಿಸಿದರೆ ಫಲವಿಲ್ಲ.

ಹವಾಮಾನ ಬದಲಾವಣೆಯನ್ನು ನಾನು ಅಲ್ಲಗಳೆಯುತ್ತಿಲ್ಲ. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಹರಿದವು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಒಮ್ಮೆಲೇ ಸುರಿದು ಆಮೇಲೆ ಮರೆಯಾಗುವ ಮಳೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ಕೆರೆ. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ತೂಬು ತೆಗೆಯಲು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಲು ನೀರಗಂಟಿಯಿದ್ದ. ಕೊಳವೆ ಬಾವಿ ಬಂದ ಮೇಲೆ ನೀರಗಂಟಿಗೆ ಕೆಲಸವಿಲ್ಲವಾಯಿತು, ರಾಜಕಾಲುವೆಗಳು ಒತ್ತುವರಿಯಾದವು. ಊರಿನ ಹತೋಟಿಯಲ್ಲಿದ್ದ ನೀರು ಒಬ್ಬೊಬ್ಬರ ಮೋಟಾರಿನ ಪಾಲಾಯಿತು.

ಈಗ ಹೊರಗಿನಿಂದ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ನೊರೆ ಕಾಣಿಸಿಕೊಂಡು ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಕೆ.ಸಿ. ವ್ಯಾಲಿಯ ನಿಗದಿತ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್, ಅಂದರೆ ವರ್ಷಕ್ಕೆ ಐದು ಟಿಎಂಸಿಗೂ ಮಿಗಿಲು. ಮೇಲೆ ಹೇಳಿದ ಗೃಹಬಳಕೆಯ ಐದು ಪಟ್ಟು! ಆದರೆ ಕೆರೆಯಿಂದ ಇಂಗಿದ ನೀರನ್ನು ಎಷ್ಟು ಎತ್ತಬಹುದೆಂಬ ನಿಯಮ ಹಳ್ಳಿಯಲ್ಲಿ ಜಾರಿಯಲ್ಲಿಲ್ಲದಿದ್ದರೆ ಅದು ಇನ್ನಷ್ಟು ಕೊಳವೆ ಬಾವಿಗಳಿಗೆ ಆಹ್ವಾನವಾಗುತ್ತದೆ.

ಮಾಡಬೇಕಾದ ಕೆಲಸಗಳು ಎರಡು. ಮೊದಲನೆಯದಾಗಿ, ಪ್ರತಿ ಪಂಪ್‌ಸೆಟ್‌ಗೆ ಇಂತಿಷ್ಟು ಯೂನಿಟ್ ಉಚಿತವೆಂದು ನಿಗದಿಪಡಿಸಿ, ಉಳಿಸಿದ ಯೂನಿಟ್ಟಿನ ಹಣವನ್ನು ರೈತನ ಖಾತೆಗೆ ಜಮಾ ಮಾಡಬೇಕು. ಪಂಜಾಬ್ 2018ರಲ್ಲಿ ಇಂಥ ಪ್ರಯೋಗ ಆರಂಭಿಸಿತು. ಎರಡನೆಯದಾಗಿ, ಮುಂಗಾರು ಮುಗಿದೊಡನೆ ಪ್ರತಿ ಗ್ರಾಮ ಪಂಚಾಯಿತಿ ನೀರಿನ ಆಯವ್ಯಯ ಸಿದ್ಧಪಡಿಸಿ, ಅದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಬೇಕು. ಮುಳಬಾಗಿಲಿಗೆ ಹೊಂದಿಕೊಂಡ ಚಿತ್ತೂರು ಸೇರಿದಂತೆ ಅವಿಭಜಿತ ಆಂಧ್ರದ ಏಳು ಜಿಲ್ಲೆಗಳಲ್ಲಿ ರೈತರೇ ಮಳೆ ಮತ್ತು ಬಾವಿಯ ಮಟ್ಟ ಅಳೆದು ಇದನ್ನು ಮಾಡಿ ತೋರಿಸಿದ್ದಾರೆ. ಗಡಿಯಾಚೆ ಸಾಧ್ಯವಾದದ್ದು ಈಚೆ ಏಕಾಗದು?

ಉಚಿತ ವಿದ್ಯುತ್ತಿನ ಮಾತೆತ್ತಲು ಯಾವ ಪಕ್ಷವೂ ಸಿದ್ಧವಿಲ್ಲವೆಂಬುದನ್ನು ಆಡಳಿತದಲ್ಲಿದ್ದು ನಿವೃತ್ತನಾದ ನಾನು ಬಲ್ಲೆ. ಜನಸಂಖ್ಯೆಯನ್ನು ದೂರುವುದು ಸುಲಭ. ಯಾವ ಮತದಾರನೂ ಅದನ್ನು ತನ್ನ ಮೇಲೆ ಹಾಕಿಕೊಳ್ಳುವುದಿಲ್ಲ. ಆದರೆ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ತೊಟ್ಟಿಲು ಹಗುರವಾಗಿದೆ, ಮೋಟಾರು ಮಾತ್ರ ನಿಂತಿಲ್ಲ. ಚರ್ಚೆ ಆಗಬೇಕಾದದ್ದು ಅದರ ಬಗ್ಗೆ.