ನಿಮ್ಮೂರ ಮಹಿಳಾ ಸಮಾಜದ ಬೀಗದ ಕೈ ಯಾರ ಹತ್ತಿರ ಇದೆ?

ಬೆಂಗಳೂರಿನ ಕೆ.ಆರ್. ರಸ್ತೆಯಲ್ಲಿ ಹೋಗುವಾಗ 'ಮಹಿಳಾ ಸೇವಾ ಸಮಾಜ' ಎಂಬ ಬೋರ್ಡು ನೋಡಿರುತ್ತೀರಿ. ಯಾವುದೋ ಸ್ಕೂಲು ಅಂದುಕೊಂಡು ಸುಮ್ಮನಾಗಿರುತ್ತೀರಿ. ಸ್ಕೂಲೂ ಹೌದು. ಆದರೆ ಆ ಸಮಾಜ ಹುಟ್ಟಿದ್ದು 1913ರಲ್ಲಿ, ಹೆಂಗಸರಿಗೆ ಮತ ಹಾಕುವ ಹಕ್ಕೂ ಇಲ್ಲದ ಕಾಲದಲ್ಲಿ!

ಅಲ್ಲಿಂದ ತುಸು ದೂರ, ಚಾಮರಾಜಪೇಟೆಯಲ್ಲಿ, 1938ರಲ್ಲಿ ಮಕ್ಕಳ ಕೂಟ ಕಟ್ಟಿದವರು ಆರ್. ಕಲ್ಯಾಣಮ್ಮ. ಬಾಲವಿಧವೆ. 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿ ನಾಲ್ಕು ದಶಕ ನಡೆಸಿದ ಗಟ್ಟಿಗಿತ್ತಿ. ಇವತ್ತು ಬಸ್ ಸ್ಟಾಪಿಗೇ ಮಕ್ಕಳ ಕೂಟ ಎಂಬ ಹೆಸರು. ಅಲ್ಲಿ ಇಳಿಯುವ ಎಷ್ಟು ಜನಕ್ಕೆ ಈ ತಾಯಿ ಗೊತ್ತು?

ನಿಮ್ಮೂರಲ್ಲೂ ಒಂದು ಮಹಿಳಾ ಸಮಾಜ ಇದ್ದೀತು. ಹೊಲಿಗೆ ಕ್ಲಾಸು, ಶಿಶುವಿಹಾರ, ಭಜನೆ ನಡೆಯುತ್ತಿದ್ದ ಹಳೇ ಕಟ್ಟಡ. ಈಗ ಊರ ನಡುವಿನ ಆ ಜಾಗಕ್ಕೆ ಚಿನ್ನದ ಬೆಲೆ. ಕಾರ್ಯದರ್ಶಿಗೆ ವಯಸ್ಸಾಗಿದೆ, ಕಾಗದಪತ್ರ ಟ್ರಂಕಿನಲ್ಲಿದೆ ಅಂತಾದರೆ ಕಟ್ಟಡ ಕೈತಪ್ಪಲು ಎಷ್ಟು ಹೊತ್ತು?

ಆದ್ದರಿಂದ ಒಂದು ಮಧ್ಯಾಹ್ನ ಸೀರಿಯಲ್ ಬಿಟ್ಟು ಹೋಗಿ ಬನ್ನಿ. ಜಾಗ ಸಮಾಜದ್ದೋ, ದಾನವೋ, ಗುತ್ತಿಗೆಯೋ, ಖಾತೆ ಯಾರ ಹೆಸರಲ್ಲಿದೆ, ಕಂದಾಯ ಕಟ್ಟಿದೆಯೋ ಕೇಳಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘವಾದರೆ, ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದೊಂದು ನಿಂತುಹೋದರೆ 'ನಾವೇ ಕಮಿಟಿ' ಎಂದು ಯಾರು ಬೇಕಾದರೂ ಬರಬಹುದು. ಹಳೇ ನಡಾವಳಿ ಪುಸ್ತಕ ಸಿಕ್ಕರೆ ಪುಟಪುಟವೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಾಗೇ ಸದಸ್ಯತ್ವದ ಚಂದಾ ಎಷ್ಟೆಂದು ಕೇಳಿ, ಕೊಟ್ಟು, ರಸೀದಿ ಹರಿಸಿಕೊಳ್ಳಿ. ಜೊತೆಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.