ಮನೆವಾರ್ತೆ: ಕೆಳಮನೆಯ ಸೂರಿನಿಂದ ಇಳಿದ ನೀಲಿ ನೀರು



ಊರಿನಲ್ಲಿ ಬಾವಿಯ ಹಗ್ಗ ಹರಿದರೆ ಬೇರೆ ಹಗ್ಗ ಕಟ್ಟಿಕೊಂಡರಾಯಿತು. ಕೊಡ ಬಾವಿಗೆ ಬಿದ್ದರೆ ಪಕ್ಕದ ಮನೆಯಿಂದ ಪಾತಾಳಗರಡಿ ತಂದು ಎತ್ತುತ್ತಿದ್ದೆವು. ನೀರಿನ ತಾಪತ್ರಯವೆಂಬುದು ನಮ್ಮ ಹಿತ್ತಲು ದಾಟಿ ಹೋಗುತ್ತಿರಲಿಲ್ಲ. ಮುಂಬಯಿಯ ಉಪನಗರಗಳಲ್ಲಿ ಹಾಗಲ್ಲ. ನಮ್ಮ ಬಚ್ಚಲು ಇನ್ನೊಬ್ಬರ ತಲೆಯ ಮೇಲಿರುತ್ತದೆ.

2023ರ ಏಪ್ರಿಲಿನಲ್ಲಿ ಮುಲುಂಡಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ಕೆಳಮನೆಯ ಕಾಕು ಮೇಲೆ ಬಂದು, “ವಹಿನಿ, ನಿಮ್ಮ ನೀರು ನಮ್ಮ ಬಚ್ಚಲಿಗೆ ಇಳಿಯುತ್ತಿದೆ” ಎಂದರು. ಇಪ್ಪತ್ತು ವರ್ಷದ ನೆರೆ. ನನ್ನ ಎರಡನೆಯ ಬಾಣಂತನದಲ್ಲಿ ಊರಿನಿಂದ ಅಮ್ಮ ಬರುವ ತನಕ ಎರೆದು ಹಾಕಿದವರು ಅವರೇ. ಮರುದಿನವೇ ಮಾಡಿಸುತ್ತೇನೆಂದು ಮಾತು ಕೊಟ್ಟೆ.

ನಮ್ಮವರು ನಾಕಾದ ಹಾರ್ಡ್‌ವೇರ್ ಅಂಗಡಿಯ ಮುಂದೆ ಕುಳಿತಿದ್ದ ಒಬ್ಬ ಪ್ಲಂಬರನನ್ನು ಕರೆತಂದರು. ಆತ ಎರಡು ನಿಮಿಷ ಗೋಡೆ ತಟ್ಟಿ ನೋಡಿ, “ಒಳಗಿನ ಪೈಪೆಲ್ಲ ತುಕ್ಕು, ಬಚ್ಚಲು ಪೂರ್ತಿ ಒಡೆಯಬೇಕು, ಅರವತ್ತು ಸಾವಿರವಾದೀತು” ಎಂದ. ಕಾಕುವಿನ ಮುಖ ನೆನೆದು ನಾವೂ ಅವಸರಪಟ್ಟೆವು. ಹತ್ತು ಸಾವಿರ ಮುಂಗಡ ಕೊಟ್ಟೆವು. ಆತ ನಾಲ್ಕು ಟೈಲ್ಸು ಒಡೆದ, ಸಾಮಾನು ತರುತ್ತೇನೆಂದು ಹೋದ. ಹೋದವನು ಹೋದ.

ಕೆಳಗೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಕಾಕು ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದರು. ಹತ್ತು ಸಾವಿರ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ನೋವಾಯಿತು.

ಕೊನೆಗೆ ಸೊಸೈಟಿಯ ಕಾವಲುಗಾರ ಒಬ್ಬ ಒಡಿಶಾದವನನ್ನು ಕಳುಹಿಸಿದ. ಕೇಂದ್ರಪಾಡಾ ಜಿಲ್ಲೆಯವನು. ಆ ಜಿಲ್ಲೆಯಿಂದ ಈ ಕಸಬು ಹಿಡಿದು ದೇಶದ ಮೂಲೆಮೂಲೆಗೂ ಹೋದವರಿದ್ದಾರೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಕೊಳಾಯಿ ಕೆಲಸ ಕಲಿಸುವ ಸರಕಾರಿ ಸಂಸ್ಥೆಯೇ ಇದೆ. ನಮ್ಮ ಉಡುಪಿಯ ಕಡೆಯವರು ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಬಂದಂತೆಯೇ ಇದೂ ಎನ್ನಿ.

ಆತ ಸುತ್ತಿಗೆ ತೆಗೆಯಲಿಲ್ಲ. ಮೊದಲು ಕೇಳಿದ್ದು ಇಷ್ಟು: “ರಾತ್ರಿಯೂ ತೊಟ್ಟಿಕ್ಕುತ್ತದೆಯೇ, ಭಾಭಿ?” ನನಗೆ ಗೊತ್ತಿರಲಿಲ್ಲ. ಕಾಕುವನ್ನು ಕೇಳಲು ಅಂಜಿಕೆ; ಆತನೇ ಕೆಳಗೆ ಹೋಗಿ ಕೇಳಿ ಬಂದ. ರಾತ್ರಿ ಇಟ್ಟ ಬೋಗುಣಿ ಬೆಳಗಿನ ತನಕ ಒಣಗಿಯೇ ಇರುತ್ತದೆ, ಆರರಿಂದ ಒಂಬತ್ತರ ತನಕ ಮಾತ್ರ ತೊಟ್ಟಿಕ್ಕುತ್ತದೆ ಎಂದು ತಿಳಿಯಿತು.

ಇದರಲ್ಲಿ ಅರ್ಧ ರೋಗ ಗೊತ್ತಾದಂತೆಯೇ. ಮಾಳಿಗೆಯ ಟಾಕಿಯಿಂದ ನೀರು ತರುವ ಪೈಪಿನಲ್ಲಿ ಹಗಲೂ ರಾತ್ರಿಯೂ ನೀರಿನ ಒತ್ತಡ ಇದ್ದೇ ಇರುತ್ತದೆ. ಅದು ಒಡೆದಿದ್ದರೆ ರಾತ್ರಿಯೂ ಸೋರಬೇಕು. ಮುಖ್ಯ ಕಾಕನ್ನು ಮುಚ್ಚಿದರೆ ನಿಲ್ಲುತ್ತ ಬರಬೇಕು. ಸ್ನಾನದ ಹೊತ್ತಿಗೆ ಮಾತ್ರ ಸೋರುವುದಾದರೆ ತಪ್ಪು ಬಳಸಿದ ನೀರು ಹೊರಹೋಗುವ ದಾರಿಯಲ್ಲಿದೆ. ಅಂದಮೇಲೆ ಮೊದಲಿನವನು ಗೋಡೆ ಒಡೆದದ್ದು ಶುದ್ಧ ವ್ಯರ್ಥ!

ಆಮೇಲೆ ಆತ ಬಟ್ಟೆಗೆ ಹಾಕುವ ನೀಲಿ ಕೇಳಿದ. ಒಂದು ಬಕೆಟ್ಟು ನೀರಿಗೆ ಅದನ್ನು ಕಲಸಿ ನೆಲದ ಜಾಲರಿಯೊಳಗೆ, ಅಂದರೆ ಇಲ್ಲಿಯವರು ನಾಹಣಿ ಟ್ರ್ಯಾಪ್ ಎನ್ನುವುದರೊಳಗೆ, ಮೆಲ್ಲಗೆ ಸುರಿದ. ಹತ್ತು ನಿಮಿಷವಾಗಿರಬಹುದು. ಕೆಳಗಿನಿಂದ ಕಾಕು ಕೂಗಿದರು: “ನೀಲಿ ಬಂತು! ನೀಲಿ ಬಂತು!” ಒಂದು ತಿಂಗಳಲ್ಲಿ ಅವರು ನನಗೆ ಕೇಳುವಂತೆ ಆಡಿದ ಮೊದಲ ಮಾತು ಅದೇ.

ನಮ್ಮದು ಹಳೆಯ ಕಟ್ಟಡ. ಮೇಲಿನ ಬಚ್ಚಲ ಟ್ರ್ಯಾಪಿನ ಜೋಡಣೆ ಕೆಳಮನೆಯ ಸೂರಿನ ಅಡಿಯಲ್ಲಿ ತೂಗುತ್ತದೆ. ಕಾಕು ಅದಕ್ಕೆ ಅಡ್ಡಲಾಗಿ ಹಲಗೆಯ ಅಟ್ಟ ಹಾಕಿಸಿದ್ದರು, ಹೀಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಟ್ಟ ಬರಿದು ಮಾಡಬೇಕಾಯಿತು. ಅದರ ಮೇಲೆ ತೀರಿಹೋದ ಕಾಕಾರವರ ತಬಲ, ಗಿರಣಿಯ ದಿನಗಳ ಡಬ್ಬಿ, ಹಾಸಿಗೆಯ ಸುರುಳಿ. ಹಾಸಿಗೆ ಪೂರ್ತಿ ನೆಂದಿತ್ತು. ತಬಲ ಮಾತ್ರ ಪ್ಲಾಸ್ಟಿಕ್ಕಿನ ಚೀಲದಲ್ಲಿದ್ದುದರಿಂದ ಉಳಿದಿತ್ತು. ನಾವಿಬ್ಬರೂ ಅದನ್ನು ಇಳಿಸಿ ಒರೆಸಿದೆವು. ಕಾಕು ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಬಿರುಕುಬಿಟ್ಟ ಜೋಡಣೆಯನ್ನು ಬದಲಾಯಿಸಲು ಎರಡು ತಾಸು ಹಿಡಿಯಿತು. ಸಾಮಾನನ್ನು ನಮ್ಮವರೇ ರಸೀದಿ ಸಹಿತ ತಂದರು. ಕೂಲಿ 1,500 ರೂಪಾಯಿ ಎಂದು ಮೊದಲೇ ಮಾತಾಗಿತ್ತು. ಇನ್ನೊಂದು ಬಕೆಟ್ಟು ಸುರಿದು, ಕೆಳಗೆ ಒಣಗಿದೆಯೆಂದು ಕಂಡ ಮೇಲೆ ಕೊಟ್ಟೆವು. ಹಳೆಯ ತುಂಡನ್ನು ಕೇಳಿ ಇಟ್ಟುಕೊಂಡೆ. ಬದಲಾಯಿಸಿದ್ದೇ ನಿಜವೋ ಅಲ್ಲವೋ ಎಂಬ ಅನುಮಾನ ಆಮೇಲೆ ಕಾಡಬಾರದಲ್ಲ.

ಖರ್ಚು ಯಾರದೆಂದು ಹಲವರು ಸೊಸೈಟಿಯ ಸಭೆಗಳಲ್ಲಿ ಜಗಳವಾಡುವುದನ್ನು ನೋಡಿದ್ದೇನೆ. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರಿ ಸಂಘಗಳ ಮಾದರಿ ಉಪನಿಯಮಗಳಂತೆ ಶೌಚಾಲಯ, ಸಿಂಕು ಮೊದಲಾದ ಮನೆಯೊಳಗಿನ ಸೋರಿಕೆ ಆಯಾ ಸದಸ್ಯರ ಹೊಣೆ. ಮಾಳಿಗೆಯಿಂದಲೋ ಹೊರಗೋಡೆಯಿಂದಲೋ ಮಳೆನೀರು ಇಳಿದರೆ ಸೊಸೈಟಿಯದು. ನಮ್ಮದು ಮೊದಲನೆಯ ಬಗೆ. ಕಾಕುವಿನ ಸೂರಿಗೆ ಸುಣ್ಣ ಹೊಡೆಸಿದ್ದೂ ನಾವೇ.

ಬೇಸಗೆ ರಜೆಗೆ ಊರಿಗೆ ಹೊರಟಿರುವ ಸೋದರಿಯರಿಗೆ ಇನ್ನೊಂದು ಮಾತು. ಆ ಟ್ರ್ಯಾಪಿನ ಬಾಗಿನಲ್ಲಿ ಸದಾ ನಿಂತಿರುವ ಚೂರು ನೀರೇ ಚರಂಡಿಯ ದುರ್ನಾತವನ್ನೂ ಜಿರಲೆಯನ್ನೂ ತಡೆಯುವ ಬಾಗಿಲು. ತಿಂಗಳುಗಟ್ಟಲೆ ಮನೆ ಮುಚ್ಚಿದರೆ ಅದು ಆರಿಹೋಗುತ್ತದೆ. ಹೊರಡುವ ಮುನ್ನ ಒಂದು ಚೆಂಬು ನೀರು ಹುಯ್ದು, ಮೇಲೆ ಒಂದು ಚಮಚ ಅಡಿಗೆಯ ಎಣ್ಣೆ ಬಿಡಿ; ಬೇಗ ಆರುವುದಿಲ್ಲ. ಮುಖ್ಯ ಕಾಕನ್ನು ಮುಚ್ಚಿ ಹೋಗಿ. ವರ್ಷಗಟ್ಟಲೆ ತಿರುಗಿಸದ ಕಾಕು ಬಿಗಿದುಕೊಂಡಿರುತ್ತದೆ, ಆದ್ದರಿಂದ ರೈಲಿನ ದಿನ ಅದರೊಡನೆ ಗುದ್ದಾಡದೆ ವಾರ ಮುಂಚೆಯೇ ತಿರುಗಿಸಿ ನೋಡಿ. ಕೆಳಮನೆಯವರಿಗೆ ಒಂದು ಬೀಗದಕೈ ಕೊಟ್ಟು ಹೋದರೆ ಮತ್ತೂ ಒಳ್ಳೆಯದು. ನಮ್ಮದು ಈಗ ಕಾಕುವಿನ ದೇವರ ಗೂಡಿನಲ್ಲಿರುತ್ತದೆ.

ಒಡೆದ ನಾಲ್ಕು ಟೈಲ್ಸುಗಳಿಗೆ ಜೊತೆ ಇನ್ನೂ ಸಿಕ್ಕಿಲ್ಲ. ಆ ಬಣ್ಣದವನ್ನು ಮಾಡುವುದೇ ಬಿಟ್ಟಿದ್ದಾರಂತೆ.