ಚಿನ್ನದ ನಾಣ್ಯದ ಬೆನ್ನು ಹತ್ತುವ ಮುನ್ನ

2025ರ ಏಪ್ರಿಲ್ ತಿಂಗಳಲ್ಲಿ ಹತ್ತು ಗ್ರಾಂ ಅಪರಂಜಿ ಚಿನ್ನದ ಬೆಲೆ ನಮ್ಮ ದೇಶದಲ್ಲಿ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಬೆಲೆ ಏರಿದಾಗ ಕೊಳ್ಳುವವರು ಹಿಂಜರಿಯುವುದು ಮಾರುಕಟ್ಟೆಯ ನಿಯಮ. ಆಭರಣದ ವಿಷಯದಲ್ಲಿ ಇದು ನಿಜವಾಗಿದೆ. ನಾಣ್ಯ, ಗಟ್ಟಿಗಳ ವಿಷಯದಲ್ಲಿ ತಿರುವುಮುರುವಾಗಿದೆ. ವಿಶ್ವ ಚಿನ್ನ ಮಂಡಳಿಯ ಲೆಕ್ಕದಂತೆ 2024ರಲ್ಲಿ ಭಾರತದ ಆಭರಣ ಬೇಡಿಕೆ ಶೇ. 2ರಷ್ಟು ಇಳಿದು ಸುಮಾರು 563 ಟನ್‌ಗೆ ಬಂದರೆ, ಹೂಡಿಕೆಗೆಂದು ಕೊಂಡ ಚಿನ್ನ ಶೇ. 29ರಷ್ಟು ಏರಿ 239 ಟನ್ ದಾಟಿತು.

ಕಾರಣ ಸರಳ. ಆಭರಣಕ್ಕೆ ಕೊಟ್ಟ ಮಜೂರಿ, ವೇಸ್ಟೇಜ್ ಮಾರುವಾಗ ವಾಪಸು ಬರುವುದಿಲ್ಲ. ಮಗಳ ಮದುವೆಗೆಂದು ವರ್ಷಕ್ಕೊಂದು ಪವನು ಕೂಡಿಡುವ ಮನೆಯವರಿಗೆ ಬೆಲೆ ಇನ್ನೂ ಏರೀತೆಂಬ ಭಯ ಬೇರೆ. ಸರಕಾರದ ಚಿನ್ನದ ಬಾಂಡುಗಳ ಕೊನೆಯ ಕಂತು ಬಂದದ್ದು 2024ರ ಫೆಬ್ರವರಿಯಲ್ಲಿ. ಅದೇ ವರ್ಷ ಜುಲೈಯಲ್ಲಿ ಆಮದು ಸುಂಕ ಶೇ. 15ರಿಂದ ಶೇ. 6ಕ್ಕೆ ಇಳಿದಾಗ ಕೊಳ್ಳುವವರಿಗೆ ಮತ್ತಷ್ಟು ಹುರುಪು ಬಂತು.

ಪೂರೈಕೆಯ ಕಡೆ ನೋಡೋಣ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಸಿಗುವುದು ವರ್ಷಕ್ಕೆ ಒಂದೆರಡು ಟನ್ ಮಾತ್ರ. ಹೀಗಾಗಿ ಆಮದೇ ನಮಗೆ ಗತಿ. ಆದರೆ ನಾಣ್ಯದ ಅಭಾವವೆಂದರೆ ಚಿನ್ನದ ಅಭಾವವಲ್ಲ. ಲಂಡನ್ನಿನ ಸಗಟು ವ್ಯವಹಾರದ ಗಟ್ಟಿ ಒಂದೊಂದೂ ಸುಮಾರು ಹನ್ನೆರಡೂವರೆ ಕಿಲೋ ತೂಗುತ್ತದೆ. ಅದನ್ನು ಕರಗಿಸಿ ಸಣ್ಣ ಗಟ್ಟಿ ಎರಕಹೊಯ್ದು, ನಾಣ್ಯ ಅಚ್ಚುಹಾಕುವ ಕಾರ್ಖಾನೆಗಳು ಕೆಲವೇ. 2008ರ ಆಗಸ್ಟ್‌ನಲ್ಲಿ ಅಮೆರಿಕದ ಟಂಕಸಾಲೆ ಬೇಡಿಕೆ ತಾಳಲಾರದೆ ತನ್ನ ಚಿನ್ನದ ನಾಣ್ಯದ ಮಾರಾಟವನ್ನು ಕೆಲಕಾಲ ನಿಲ್ಲಿಸಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರಾಂತ್ಯದ ದೊಡ್ಡ ಶುದ್ಧೀಕರಣಾಗಾರಗಳು ಬಾಗಿಲು ಹಾಕಿದಾಗ, ತಿಜೋರಿಗಳಲ್ಲಿ ಚಿನ್ನ ತುಂಬಿದ್ದರೂ ಅಂಗಡಿಗಳಲ್ಲಿ ನಾಣ್ಯ ಸಿಗಲಿಲ್ಲ.

ನಮ್ಮಲ್ಲಿ ಸರಕಾರದ ನೀತಿಯೂ ಪೂರೈಕೆಯನ್ನು ಬಿಗಿಮಾಡಿದ್ದುಂಟು. 2013ರಲ್ಲಿ ಸುಂಕ ಶೇ. 10ಕ್ಕೇರಿ, ನಾಣ್ಯಗಳ ಆಮದೇ ನಿಷೇಧವಾಯಿತು. ಈ ನಿಷೇಧ ತೆರವಾದದ್ದು 2015ರ ಫೆಬ್ರವರಿಯಲ್ಲಿ. ಆಸೆ ಮಾತ್ರ ನಿಲ್ಲಲಿಲ್ಲ, ಕಳ್ಳಸಾಗಾಟ ಹೆಚ್ಚಿತು. ಗಲ್ಫಿನಿಂದ ಬರುವ ನಮ್ಮ ಬಂಧುಗಳು ಒಂದು ಮಾತು ನೆನಪಿಡಬೇಕು: ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದವರಿಗೆ ಸಿಗುವ ಸುಂಕ ವಿನಾಯಿತಿ ಆಭರಣಕ್ಕೆ ಮಾತ್ರ, ನಾಣ್ಯ, ಬಿಸ್ಕತ್ತುಗಳಿಗಲ್ಲ.

ಕೊಂಡ ಮೇಲಿನ ಕಷ್ಟಗಳನ್ನು ಅಂಗಡಿಯವರು ಹೇಳುವುದಿಲ್ಲ. ನಾಣ್ಯ ಮಾರಿದ ಬ್ಯಾಂಕು ಅದನ್ನು ಮರಳಿ ಕೊಳ್ಳುವುದಿಲ್ಲ. ಕೊಳ್ಳುವಾಗ ತೆತ್ತ ಶೇ. 3 ಜಿಎಸ್‌ಟಿ ಹೋದಂತೆಯೇ. ನಾಣ್ಯ ಸಣ್ಣದಾದಷ್ಟೂ ಗ್ರಾಂ ಲೆಕ್ಕದಲ್ಲಿ ಖರ್ಚು ಹೆಚ್ಚು. ಒಂದೊಂದು ಗ್ರಾಮಿನ ಹತ್ತು ನಾಣ್ಯಕ್ಕಿಂತ ಹತ್ತು ಗ್ರಾಮಿನ ಒಂದು ನಾಣ್ಯ ಲೇಸು. ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯ, ನಾಣ್ಯಕ್ಕೆ ಕಡ್ಡಾಯವಲ್ಲ. ಆದ್ದರಿಂದ 999 ಶುದ್ಧತೆಯ ಗುರುತು, ಮೊಹರಾದ ಪೊಟ್ಟಣ, ಬಿಲ್ಲು ಇವು ಮೂರೂ ಇರಲಿ.

ಎಲ್ಲಕ್ಕಿಂತ ಮುಖ್ಯ ಅಡವಿನ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಟ್ಟಿಗಳ ಮೇಲೆ ಸಾಲವಿಲ್ಲ. ನಾಣ್ಯಗಳ ಮೇಲಾದರೆ ಒಬ್ಬರಿಗೆ 50 ಗ್ರಾಂವರೆಗೆ ಮಾತ್ರ. ಮಧ್ಯರಾತ್ರಿ ಆಸ್ಪತ್ರೆ ಸೇರಿದವರ ಮನೆಯಲ್ಲಿ ಬೆಳಿಗ್ಗೆ ಬ್ಯಾಂಕಿಗೆ ಒಯ್ಯಬಹುದಾದದ್ದು ಹಳೆಯ ಬಳೆಯೇ ಹೊರತು ಅಂಗಡಿಯಿಂದ ತಂದ ಬಿಸ್ಕತ್ತಲ್ಲ.

ಚಿನ್ನ ಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಸಾಲ ಮಾಡಿ ಕೊಳ್ಳಬೇಡಿ, ಇರುವ ಉಳಿತಾಯವನ್ನೆಲ್ಲ ಅದಕ್ಕೇ ಸುರಿಯಬೇಡಿ ಎನ್ನುತ್ತೇವೆ. ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಸಂಘಗಳನ್ನು ನಡೆಸುವವರು ಮುಂದಿನ ಸಭೆಯಲ್ಲಿ ಈ ಅಡವಿನ ನಿಯಮವನ್ನಾದರೂ ಸದಸ್ಯರಿಗೆ ತಿಳಿಸಲಿ.